ಎಲೆ ಹಳದಿಯಾದರೆ ಅಂಗಡಿಗೆ ಓಡಬೇಡಿ



ಟೊಮೇಟೊ ಎಲೆ ಹಳದಿ ಆಯ್ತು ಅಂದ ಕೂಡಲೇ ಔಷಧಿ ಅಂಗಡಿಗೆ ಓಡ್ತೀವಿ. ಕೊಟ್ಟ ಮೂರು ಬಾಟಲಿ ತರ್ತೀವಿ, ಲೆಕ್ಕ ಸಾಲದ ಪುಸ್ತಕಕ್ಕೆ. ನಾಳೆ ಕೋಲಾರದ ಮಂಡಿಯಲ್ಲಿ 15 ಕೆ.ಜಿ. ಬಾಕ್ಸಿಗೆ ಏನು ಬೆಲೆಯೋ, ಅದು ನಮ್ಮ ಕೈಲಿಲ್ಲ. ಈ ಖರ್ಚಾದರೂ ನಮ್ಮ ಕೈಲಿದೆ.

ಮೊದಲು ಗಿಡದ ಮುಂದೆ ಕೂತು ನೋಡಿ. ಬುಡದಲ್ಲಿ ನೀರು ನಿಂತಿದೆಯೇ? ಬಸಿಗಾಲುವೆ ತೆಗೆಯಿರಿ, ಬೇರು ಉಸಿರಾಡಲಿ. ಕೆಳಗಿನ ಹಳೆ ಎಲೆ ಪೂರ್ತಿ ಹಳದಿಯೇ? ಸಾರಜನಕದ ಕೊರತೆ. ಲೀಟರ್ ನೀರಿಗೆ 10 ಗ್ರಾಂ ಯೂರಿಯಾ ಕಲಸಿ ಸಂಜೆ ಹೊತ್ತು ಸಿಂಪಡಿಸಿ. ಹಳೆ ಎಲೆಯ ನರ ಹಸಿರು, ನಡುವೆ ಹಳದಿಯಾದರೆ ಮೆಗ್ನೀಷಿಯಂ ಕೊರತೆ. ಚಿಗುರೆಲೆಯಲ್ಲಿ ಹಾಗಾದರೆ ಕಬ್ಬಿಣದ್ದು. ಉಂಗುರ ಉಂಗುರವಾಗಿ ಕಂದು ಚುಕ್ಕೆ ಇದ್ದರೆ ಅದು ಅಂಗಮಾರಿ. ಆ ಎಲೆ ಕಿತ್ತು, ಶಿಲೀಂಧ್ರನಾಶಕ ಹೊಡೆಯಿರಿ.

ತುದಿ ಎಲೆ ಹಳದಿಯಾಗಿ ಮೇಲಕ್ಕೆ ಮುದುಡಿ, ಗಿಡ ಕುಳ್ಳಾಯಿತೋ, ಅದು ಬಿಳಿನೊಣ ಹರಡುವ ಮುಟುರು ರೋಗ. ಇದನ್ನು ವಾಸಿ ಮಾಡುವ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ. ಅಂಥ ಗಿಡ ಕಿತ್ತು ಹೂಳಿ. ಮುಂದಿನ ಸಲ ಸಸಿಮಡಿಗೆ ನೈಲಾನ್ ಪರದೆ ಕಟ್ಟಿ.

ಔಷಧಿ ಕೊಳ್ಳಲೇಬೇಕಾದರೆ ರೋಗದ ಎಲೆ ಜೇಬಲ್ಲಿರಲಿ, ಬಿಲ್ಲು ಕೇಳಿ ಪಡೆಯಿರಿ. ಕಾಯಿಲೆ ಗೊತ್ತಿಲ್ಲದೆ ಹೊಡೆದ ಔಷಧಿ ಗಿಡಕ್ಕೆ ದಕ್ಕೋದಿಲ್ಲ. ಅದರ ಬಡ್ಡಿ ಮಾತ್ರ ನಮಗೇ.