ಬೇಕೆಂದಾಗ ಮುಳುಗಿ, ಬೇಕೆಂದಾಗ ಏಳುವ ಹಡಗು

ಅಮ್ಮಿನಬಾವಿಯ ಮಕ್ಕಳೇ, ಹುಬ್ಬಳ್ಳಿಯಿಂದ ರೈಲು ಹತ್ತಿ ಪೂರ್ವದ ಕಡಲತಡಿಗೆ ಹೋದರೆ ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಲ್ಲಿ ಒಂದು ಜಲಾಂತರ್ಗಾಮಿ ನೋಡಲು ಸಿಗುತ್ತದೆ. ಅದರ ಹೆಸರು ಐಎನ್‌ಎಸ್ ಕುರ್ಸುರಾ, ಉದ್ದ 91 ಮೀಟರ್. ಸೋವಿಯತ್ ಒಕ್ಕೂಟದಲ್ಲಿ ತಯಾರಾಗಿ 1969ರ ಡಿಸೆಂಬರಿನಲ್ಲಿ ನಮ್ಮ ನೌಕಾಪಡೆಯನ್ನು ಸೇರಿತು. 2001ರ ಫೆಬ್ರವರಿಯಲ್ಲಿ ಸೇವೆಯಿಂದ ನಿವೃತ್ತವಾಯಿತು. ಮರುವರ್ಷ ಅದನ್ನು ದಡಕ್ಕೆಳೆದು ವಸ್ತುಸಂಗ್ರಹಾಲಯ ಮಾಡಿದರು. ಈಗ ಯಾರು ಬೇಕಾದರೂ ಅದರ ಹೊಟ್ಟೆಯೊಳಗೆ ಈ ತುದಿಯಿಂದ ಆ ತುದಿಗೆ ನಡೆದು ಹೋಗಬಹುದು.

ಮುಳುಗುವುದು ದೊಡ್ಡ ವಿದ್ಯೆಯಲ್ಲ, ಕಲ್ಲು ಕೂಡ ಮುಳುಗುತ್ತದೆ. ಮುಳುಗಿದ್ದು ತಾನಾಗಿ ಮೇಲೆ ಬರಬೇಕು, ಅದೇ ವಿದ್ಯೆ. ಕುರ್ಸುರಾ ಅದನ್ನು ಹೇಗೆ ಸಾಧಿಸಿತು?

ಯಾವ ವಸ್ತುವೇ ಆಗಲಿ, ನೀರಿಗೆ ಇಳಿದಾಗ ಒಂದಿಷ್ಟು ನೀರನ್ನು ಸರಿಸಿ ಜಾಗ ಮಾಡಿಕೊಳ್ಳುತ್ತದೆ. ಸರಿದ ನೀರಿನ ತೂಕ ಎಷ್ಟೋ ಅಷ್ಟು ಬಲದಿಂದ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಆರ್ಕಿಮಿಡೀಸ್ ಕಂಡುಕೊಂಡ ನಿಯಮ ಇದು. ವಸ್ತುವಿನ ತೂಕ ಈ ಒತ್ತುಬಲಕ್ಕಿಂತ ಹೆಚ್ಚಾದರೆ ಮುಳುಗುತ್ತದೆ, ಕಡಿಮೆಯಾದರೆ ಮೇಲೇಳುತ್ತದೆ.

ಜಲಾಂತರ್ಗಾಮಿಯ ಗಾತ್ರ ಬದಲಾಗುವುದಿಲ್ಲ. ಆದರೆ ತೂಕವನ್ನು ಬದಲಿಸಬಹುದು! ಕುರ್ಸುರಾಕ್ಕೆ ಎರಡು ಉಕ್ಕಿನ ಗೋಡೆಗಳಿವೆ, ನಡುವೆ ದೊಡ್ಡ ಟ್ಯಾಂಕುಗಳಿವೆ. ಟ್ಯಾಂಕಿನ ಮೇಲಿನ ಕವಾಟ ತೆರೆದರೆ ಒಳಗಿನ ಗಾಳಿ ಹೊರಗೆ ಹೋಗಿ, ಕೆಳಗಿನಿಂದ ಸಮುದ್ರದ ನೀರು ತುಂಬಿಕೊಳ್ಳುತ್ತದೆ. ನೀರಿನ ಮೇಲಿದ್ದಾಗ ಸುಮಾರು 1,950 ಟನ್ ಇದ್ದ ಹಡಗು, ಮುಳುಗಿದಾಗ ಸುಮಾರು 2,475 ಟನ್ ಆಗುತ್ತದೆ. ಮೇಲೆ ಬರಬೇಕಾದಾಗ, ಸಿಲಿಂಡರುಗಳಲ್ಲಿ ಒತ್ತಿ ತುಂಬಿಟ್ಟ ಗಾಳಿಯನ್ನು ಟ್ಯಾಂಕುಗಳಿಗೆ ಬಿಡುತ್ತಾರೆ. ಗಾಳಿ ನೀರನ್ನು ಹೊರಕ್ಕೆ ತಳ್ಳುತ್ತದೆ, ಹಡಗು ಹಗುರವಾಗಿ ಏಳುತ್ತದೆ.

ಆಳಕ್ಕೆ ಹೋದಂತೆ ನೀರಿನ ಒತ್ತಡ ಹೆಚ್ಚುತ್ತದೆ. ಪ್ರತಿ 10 ಮೀಟರ್ ಆಳಕ್ಕೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ, ಅಂದರೆ ಸುಮಾರು ನಿಮ್ಮ ಬೆರಳಿನ ಉಗುರಿನಷ್ಟು ಜಾಗದ ಮೇಲೆ, 1 ಕಿಲೋ ಭಾರ ಸೇರುತ್ತದೆ. ನಿಮ್ಮೂರಿನ ನೀರು ಶುದ್ಧೀಕರಣ ಘಟಕಕ್ಕೆ ಮಲಪ್ರಭೆಯ ನೀರು ಬರುತ್ತದಲ್ಲ, ಅದನ್ನು ಎತ್ತರಕ್ಕೆ ಏರಿಸುವ ಪಂಪುಗಳೂ ಇದೇ ಲೆಕ್ಕದ ಭಾರವನ್ನು ಎದುರಿಸಬೇಕು. 250 ಮೀಟರ್ ಆಳದಲ್ಲಿ ಆ ಉಗುರಿನಷ್ಟು ಜಾಗದ ಮೇಲೆ 25 ಕಿಲೋ! ಅದಕ್ಕೇ ಒಳಗೋಡೆ ಗುಂಡಗಿದೆ. ದುಂಡನೆಯ ಆಕಾರ ಭಾರವನ್ನು ಎಲ್ಲ ಕಡೆಗೂ ಸಮನಾಗಿ ಹಂಚುತ್ತದೆ.

ಇನ್ನೊಂದು ತೊಡಕು ಉಸಿರಿನದು. ಡೀಸೆಲ್ ಎಂಜಿನ್ ಓಡಲು ಗಾಳಿ ಬೇಕು. ಆದ್ದರಿಂದ ಮೇಲಿದ್ದಾಗ ಎಂಜಿನ್ ಓಡಿಸಿ ಬ್ಯಾಟರಿ ತುಂಬಿಕೊಳ್ಳುತ್ತಿದ್ದರು, ಆಳದಲ್ಲಿ ಆ ಬ್ಯಾಟರಿಯಿಂದ ಮೋಟಾರು ತಿರುಗುತ್ತಿತ್ತು. ಬ್ಯಾಟರಿ ಬರಿದಾಗುವ ಮೊದಲೇ ಮೇಲೆ ಬರಬೇಕಿತ್ತು, ಇಲ್ಲವೇ ಕೊಳವೆಯೊಂದನ್ನು ನೀರಿನಿಂದ ಮೇಲೆ ಚಾಚಿ ಗಾಳಿ ಎಳೆದುಕೊಳ್ಳಬೇಕಿತ್ತು.

ಹಡಗಿನಲ್ಲಿ ಸುಮಾರು 75 ಮಂದಿ ಇರುತ್ತಿದ್ದರು. ಒಳಗೆ ಹೋದಾಗ ಅವರ ಕಿರಿದಾದ ಮಂಚಗಳನ್ನು, ತಲೆ ತಗ್ಗಿಸಿ ಕಾಲೆತ್ತಿ ದಾಟಬೇಕಾದ ದುಂಡು ಬಾಗಿಲುಗಳನ್ನು ನೋಡಿ. ಒಂದು ಕೋಣೆಗೆ ನೀರು ನುಗ್ಗಿದರೆ ಬಾಗಿಲು ಮುಚ್ಚಿ ಉಳಿದವರನ್ನು ಕಾಪಾಡಲೆಂದೇ ಅವುಗಳನ್ನು ಹಾಗೆ ಮಾಡಿದ್ದಾರೆ.

ವಿಶಾಖಪಟ್ಟಣದಷ್ಟು ದೂರ ಹೋಗಲಾಗದಿದ್ದರೆ ಕಾರವಾರಕ್ಕೆ ಹೋಗಿ. ಅಲ್ಲಿ ಚಪಲ್ ಯುದ್ಧನೌಕೆ ಇದೆ, ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ಟುಪೊಲೆವ್ ವಿಮಾನವೂ ಇದೆ.

ಮನೆಯಲ್ಲೇ ಇದನ್ನು ಮಾಡಿ ನೋಡಿ. ತೂತಿಲ್ಲದ ಪೆನ್ನಿನ ಮುಚ್ಚಳದ ಬಾಯಂಚಿಗೆ ಚೂರು ಕ್ಲೇ ಅಂಟಿಸಿ. ಒಳಗೆ ಗಾಳಿ ಉಳಿದು, ಬಾಯಿ ಕೆಳಗಾಗಿ ನೀರಿನಲ್ಲಿ ಅದು ತೇಲಿಯೂ ತೇಲದಂತೆ ಇರಬೇಕು. ಪ್ಲಾಸ್ಟಿಕ್ ಬಾಟಲಿಗೆ ಗಂಟಲವರೆಗೂ ನೀರು ತುಂಬಿ, ಮುಚ್ಚಳವನ್ನು ಒಳಗೆ ಬಿಟ್ಟು, ಬಿರಡೆ ಬಿಗಿಯಾಗಿ ಹಾಕಿ. ಬಾಟಲಿಯನ್ನು ಹಿಂಡಿದರೆ ಒಳಗಿನ ಗಾಳಿ ಕುಗ್ಗಿ, ಮುಚ್ಚಳಕ್ಕೆ ನೀರು ಏರಿ, ಅದು ಮುಳುಗುತ್ತದೆ. ಕೈ ಸಡಿಲಿಸಿದರೆ ಏಳುತ್ತದೆ. ಇನ್ನು ಅದನ್ನು ಸರಿಯಾಗಿ ನಡುವೆ ನಿಲ್ಲಿಸಲು ಪ್ರಯತ್ನಿಸಿ. ಒಂದು ಚೂರು ಹೆಚ್ಚು ಹಿಂಡಿದರೆ ತಳಕ್ಕೆ, ಒಂದು ಚೂರು ಸಡಿಲಿಸಿದರೆ ಮೇಲಕ್ಕೆ! ಸಾವಿರಾರು ಟನ್ನಿನ ಹಡಗನ್ನು ಕತ್ತಲ ಕಡಲಿನಲ್ಲಿ ಬೇಕಾದ ಆಳಕ್ಕೇ ಹಿಡಿದು ನಿಲ್ಲಿಸುತ್ತಿದ್ದವರ ಕೌಶಲ ಎಂಥದ್ದು ಎಂದು ಆಗ ನಿಮ್ಮ ಕೈಗೇ ಗೊತ್ತಾಗುತ್ತದೆ.