ಜಾಗ ಕೊಟ್ಟವರು, ಜಾಗ ಪಡೆದವರು

(ಕಾರ್ಯಕರ್ತರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಸಂಘಟನೆ ಅಂದ ಕೂಡಲೇ ನಾವು ತತ್ವ, ನಾಯಕತ್ವ, ಹೋರಾಟ ಅಂತ ದೊಡ್ಡ ಮಾತಿನಿಂದ ಶುರು ಮಾಡುತ್ತೇವೆ. ಆದರೆ ಇಪ್ಪತ್ತು ಜನ ಕೂತು ಮಾತಾಡೋಕೆ ಒಂದು ಜಾಗ ಬೇಕಲ್ಲ, ಅದು ಮೊದಲು. ಶಾಲೆಯ ಕೋಣೆ ಕೇಳಿದರೆ ಬೀಗದ ಕೈ ಇಲ್ಲ ಅಂತಾರೆ. ಮರದ ಕೆಳಗೆ ಕೂತರೆ ಮಳೆ ಬರುತ್ತೆ. ಇದು ನಮಗೆಲ್ಲ ಗೊತ್ತಿರೋ ಕಷ್ಟ. ಅದಕ್ಕೇ ಇವತ್ತು ಜರ್ಮನಿಯ ಲೈಪ್‌ಜಿಗ್ ನಗರದ ಒಂದು ಲೂಥರನ್ ಚರ್ಚಿನ ಸಂಗತಿಯನ್ನು ನಿಮ್ಮ ಮುಂದೆ ಇಡುತ್ತೇವೆ.

ಆಗ ಜರ್ಮನಿ ಎರಡಾಗಿತ್ತು. ಲೈಪ್‌ಜಿಗ್ ಇದ್ದದ್ದು ಪೂರ್ವ ಜರ್ಮನಿಯಲ್ಲಿ. ಕಾರ್ಮಿಕರ ರಾಜ್ಯ ಅಂತ ಹೇಳಿಕೊಳ್ಳುತ್ತಿದ್ದ ಅಲ್ಲಿ ಕಾರ್ಮಿಕರು ತಾವಾಗಿ ಸಭೆ ಸೇರುವಂತಿರಲಿಲ್ಲ. ಸಂಘ ಕಟ್ಟಲು ಅಪ್ಪಣೆ, ಅಚ್ಚು ಹಾಕಿಸಲು ಅಪ್ಪಣೆ. ಚರ್ಚಿನೊಳಗಿನ ಪ್ರಾರ್ಥನೆಗೆ ಮಾತ್ರ ಅಪ್ಪಣೆ ಬೇಕಿರಲಿಲ್ಲ.

ಅಲ್ಲಿನ ಸಂತ ನಿಕೊಲಾಸರ ಚರ್ಚಿನಲ್ಲಿ 1982ರಿಂದ ಪ್ರತಿ ಸೋಮವಾರ ಸಂಜೆ 5 ಗಂಟೆಗೆ ಶಾಂತಿಗಾಗಿ ಪ್ರಾರ್ಥನೆ ನಡೆಯತೊಡಗಿತು. ‘ಎಲ್ಲರಿಗೂ ತೆರೆದಿದೆ’ ಎಂದು ಫಲಕ ಹಾಕಿದರು. ಬಂದವರು ಬರೀ ಭಕ್ತರಲ್ಲ. ಬಂದೂಕು ಹಿಡಿಯಲೊಲ್ಲದ ಹುಡುಗರು ಬಂದರು. ದೇಶ ಬಿಟ್ಟು ಹೋಗಲು ಅರ್ಜಿ ಹಾಕಿ ಕಾಯುತ್ತಿದ್ದವರು ಬಂದರು. ಪ್ಲೈಸೆ ನದಿಯ ಗತಿ ಏನಾಯಿತು ಅಂತ ಕೇಳುವವರು ಬಂದರು. ಕಾರ್ಖಾನೆಗಳ ಕೊಳೆಯಿಂದ ನಾರುತ್ತಿದ್ದ ಆ ನದಿಯನ್ನು ಊರೊಳಗೆ ಮುಚ್ಚಿಬಿಟ್ಟಿದ್ದರು! 1988ರ ಜೂನ್‌ನಲ್ಲಿ ಅದರ ನೆನಪಿಗೇ ಒಂದು ಮೆರವಣಿಗೆ ಹೊರಟಿತು.

ಸ್ಟೆನ್ಸಿಲ್ ಕೊರೆದು ಕೈ ಮಸಿ ಮಾಡಿಕೊಂಡವರಿಗೆ ಇನ್ನೊಂದು ಮಾತು. ಆ ದೇಶದ ಇಂಥ ಗುಂಪುಗಳೂ ಚರ್ಚಿನ ಯಂತ್ರಗಳಲ್ಲಿ ಪತ್ರಿಕೆ ತೆಗೆಯುತ್ತಿದ್ದವು. ‘ಚರ್ಚಿನ ಒಳಬಳಕೆಗೆ ಮಾತ್ರ’ ಅಂತ ಮೇಲೆ ಬರೆದರೆ ಅದೇ ರಕ್ಷೆ. ಅದೂ ಸದಾ ಕಾಯಲಿಲ್ಲ. 1987ರ ನವೆಂಬರ್‌ನಲ್ಲಿ ಬರ್ಲಿನ್‌ನ ಜಿಯೋನ್ ಚರ್ಚಿನ ಪರಿಸರ ಗ್ರಂಥಾಲಯಕ್ಕೆ ಗುಪ್ತ ಪೊಲೀಸರು ರಾತ್ರಿ ನುಗ್ಗಿ ಯಂತ್ರಗಳನ್ನು ಹೊತ್ತೊಯ್ದರು, ಜನರನ್ನೂ ಹಿಡಿದರು.

ಇನ್ನು ಮುಖ್ಯ ಮಾತು. ಜಾಗ ಕೊಟ್ಟವರಿಗೂ ಪಡೆದವರಿಗೂ ಜಗಳ ಆಗಲೇ ಇಲ್ಲ ಅಂದರೆ ಸುಳ್ಳಾಗುತ್ತೆ. ಸರ್ಕಾರ ಚರ್ಚಿನ ಹಿರಿಯರನ್ನು ಒತ್ತಾಯಿಸುತ್ತಿತ್ತು. ಇದು ಪ್ರಾರ್ಥನೆಯೋ ರಾಜಕೀಯವೋ ಅನ್ನೋ ಅನುಮಾನ ಹಿರಿಯರಿಗೂ ಇತ್ತು. 1988ರಲ್ಲಿ ಪ್ರಾರ್ಥನೆ ನಡೆಸುವ ಹಕ್ಕನ್ನು ಗುಂಪುಗಳಿಂದ ಕಿತ್ತುಕೊಂಡರು. ಗುಂಪಿನವರು ಸುಮ್ಮನೆ ಮನೆಗೆ ಹೋದರೇ? ಇಲ್ಲ. ಚರ್ಚಿನ ಮುಂದಿನ ಅಂಗಳದಲ್ಲಿ ನಿಂತು ಮಾತಾಡಿದರು. ಮರುವರ್ಷ ಒಳಗೂ ಅವರಿಗೆ ಮತ್ತೆ ಪಾಲು ಸಿಕ್ಕಿತು. ಅಷ್ಟರಲ್ಲಿ ಮಾತು ಬೀದಿಗೆ ಬಂದಾಗಿತ್ತು.

1989ರ ಅಕ್ಟೋಬರ್ 9, ಸೋಮವಾರ. ಬೀದಿಗಳಲ್ಲಿ ಪೊಲೀಸರು, ಸೈನಿಕರು. ಜನರಿಗೆ ಜಾಗ ಸಿಗಬಾರದು ಅಂತ ಆಳುವ ಪಕ್ಷ ತನ್ನ ನೂರಾರು ಸದಸ್ಯರನ್ನು ಮೊದಲೇ ಚರ್ಚಿನ ಬೆಂಚುಗಳಲ್ಲಿ ಕೂರಿಸಿತ್ತು. ಪಾದ್ರಿ ಕ್ರಿಸ್ಟಿಯಾನ್ ಫ್ಯೂರರ್ ಅವರನ್ನೂ ಸ್ವಾಗತಿಸಿದರು. ಫಲಕದಲ್ಲಿ ಬರೆದದ್ದು ಎಲ್ಲರಿಗೂ ಅಂತ ತಾನೆ? ಪ್ರಾರ್ಥನೆ ಮುಗಿದ ಮೇಲೆ ಸುಮಾರು 70,000 ಜನ ನಡೆದರು. ಮೇಣದ ಬತ್ತಿ ಹಿಡಿಯಲು ಒಂದು ಕೈ, ಆರದಂತೆ ಮರೆ ಮಾಡಲು ಇನ್ನೊಂದು ಕೈ. ಕಲ್ಲಿಗೆ ಕೈ ಉಳಿಯುವುದಿಲ್ಲ ಅಂತ ಆ ಪಾದ್ರಿ ಹೇಳುತ್ತಿದ್ದರು. ಗುಂಡು ಹಾರಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ ಬರ್ಲಿನ್ ಗೋಡೆ ತೆರೆಯಿತು.

1990ರಲ್ಲಿ ಎರಡು ಜರ್ಮನಿ ಒಂದಾದವು. ಅಲ್ಲಿಗೆ ಎಲ್ಲ ಸುಖವಾಯಿತು ಅಂತ ತಿಳಿಯಬೇಡಿ. ಕಾರ್ಖಾನೆಗಳು ಮುಚ್ಚಿದವು, ನಡೆದ ಜನರಲ್ಲೇ ಎಷ್ಟೋ ಮಂದಿ ಕೆಲಸ ಕಳೆದುಕೊಂಡರು. ಫ್ಯೂರರ್ ನಿರುದ್ಯೋಗಿಗಳನ್ನು ಕೂರಿಸಿಕೊಂಡು ಮಾತುಕತೆ ಶುರು ಮಾಡಿದರು. ಅವರು 2014ರಲ್ಲಿ ತೀರಿಕೊಂಡರು. ಸೋಮವಾರದ ಪ್ರಾರ್ಥನೆ ಈಗಲೂ ನಡೆಯುತ್ತಿದೆ.

ಇದೆಲ್ಲ ಚರ್ಚಿನ ಕೆಲಸ ಅಂದರೆ ಆ ಅಂಗಳದಲ್ಲಿ ನಿಂತವರಿಗೆ ಅನ್ಯಾಯ. ಚರ್ಚಿನದೇನೂ ಇಲ್ಲ ಅಂದರೆ ಬಾಗಿಲು ತೆಗೆದವರಿಗೆ ಅನ್ಯಾಯ. ಜಾಗ ಕೊಟ್ಟವರ ಉಪಕಾರ ನೆನೆಯೋಣ. ಆದರೆ ಅದಕ್ಕಾಗಿ ನಮ್ಮ ಮಾತನ್ನು ಒತ್ತೆ ಇಡೋದು ಬೇಡ. ನಾಳೆ ನಮ್ಮದೇ ಒಂದು ಕೋಣೆ ಆದಾಗ, ನಮಗೆ ಒಪ್ಪದ ಮಾತಾಡುವವರು ಬಂದು ಬೀಗದ ಕೈ ಕೇಳಿದರೆ ನಾವು ಏನು ಹೇಳುತ್ತೇವೆ? ಅದನ್ನು ಇವತ್ತೇ ಯೋಚಿಸೋಣ.