ಶಸ್ತ್ರವೈದ್ಯನೂ ಹೃದಯಸಂಶೋಧನೆಯೂ
(ಶ್ರೀಮಠದ ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)



ಪರಮಪೂಜ್ಯರೇ, ವಿದ್ವಜ್ಜನರೇ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಿಂದ ಆಗಮಿಸಿದ ಶರಣಬಂಧುಗಳೇ, ತಾಯಂದಿರೇ,

ಮಠದ ಮಹೋತ್ಸವದಲ್ಲಿ ಹೃದಯದ ಶಸ್ತ್ರವೈದ್ಯರ ಮಾತೇಕೆಂದು ಕೆಲವರಿಗೆ ಸಂಶಯ ತೋರಬಹುದು. ಅಂಗವೇ ಲಿಂಗದ ನೆಲೆಯೆಂದು ನಂಬಿದ ಸಮಾಜಕ್ಕೆ ಅಂಗದ ಆರೋಗ್ಯವು ಹೊರಗಿನ ವಿಷಯವಲ್ಲವೆಂಬುದೇ ಅದಕ್ಕೆ ಉತ್ತರವು.

ಹೃದಯದೊಳಗೆ ನಾಲ್ಕು ಕವಾಟಗಳಿರುವವು. ಕಾಲುವೆಯ ತೂಬು ನೀರಿನ ಹರಿವನ್ನು ಅಂಕೆಯಲ್ಲಿಡುವಂತೆ ಇವು ರಕ್ತವನ್ನು ಮುಂದಕ್ಕೆ ಬಿಟ್ಟು ಹಿಂದಕ್ಕೆ ಬಾರದಂತೆ ತಡೆಯುವವು. ನಿಮಿಷಕ್ಕೆ 72 ಸಲ ಮಿಡಿಯುವ ಹೃದಯವು ಒಂದು ವರ್ಷದಲ್ಲಿ 3 ಕೋಟಿ 78 ಲಕ್ಷಕ್ಕೂ ಹೆಚ್ಚು ಸಲ ಮಿಡಿಯುವದು. ಅಷ್ಟು ಸಲವೂ ಕವಾಟಗಳು ತೆರೆದು ಮುಚ್ಚಬೇಕು. ಬಡವರ ಮನೆಯ ಮಕ್ಕಳಲ್ಲಿ ಈ ಕವಾಟಗಳನ್ನು ಕೆಡಿಸುವ ಒಂದು ರೋಗವುಂಟು. ಅದು ರುಮ್ಯಾಟಿಕ್ ಜ್ವರವು. ಮೊದಲು ಗಂಟಲು ನೋವು, ಕೆಲವು ವಾರಗಳಾದ ಮೇಲೆ ಜ್ವರ ಮತ್ತು ಕೀಲುಬೇನೆ. ಇವೆಲ್ಲ ತಾವಾಗಿಯೇ ಇಳಿದವೆಂದು ತಾಯಿ ಸಮಾಧಾನಪಡುವಳು. ಹಲವು ವರ್ಷಗಳಾದ ಮೇಲೆ ಅದೇ ಮಗುವು ಏದುಸಿರು ಬಿಡತೊಡಗಿದಾಗ ಕವಾಟವು ಕೆಟ್ಟುಹೋದದ್ದು ತಿಳಿದುಬರುವದು.

ಕೆಟ್ಟ ಕವಾಟವನ್ನು ತೆಗೆದು ಕೃತಕ ಕವಾಟವನ್ನಿಡುವವನು ಶಸ್ತ್ರವೈದ್ಯನು. ಅವನ ಉಪಕಾರವು ದೊಡ್ಡದು. ಆದರೆ ಆ ಕವಾಟವನ್ನು ನಿರ್ಮಿಸಿದವರಾರು? ಅದು ಎಷ್ಟು ವರ್ಷ ಬಾಳುವದೆಂದು ಪರೀಕ್ಷಿಸಿದವರಾರು? ಮಗುವಿಗೆ ಆ ರೋಗವೇ ತಗಲದಂತೆ ಮಾಡುವ ಬಗೆಯನ್ನು ಹುಡುಕುವವರಾರು? ಈ ಪ್ರಶ್ನೆಗಳನ್ನು ಕೇಳುವ ಶಸ್ತ್ರವೈದ್ಯನೇ ಸಂಶೋಧಕನು.

ನಮ್ಮ ಪೂರ್ವಾಚಾರ್ಯರು ಈ ಮಾರ್ಗವನ್ನು ಅರಿಯದವರಲ್ಲ. ಸುಶ್ರುತಾಚಾರ್ಯರು ಶಿಷ್ಯನು ರೋಗಿಯ ಮೈಮೇಲೆ ಶಸ್ತ್ರವಿಡುವ ಮೊದಲು ಕುಂಬಳ, ಸೋರೆ, ಸೌತೆಗಳನ್ನು ಕೊಯ್ದು ಕಲಿಯಬೇಕೆಂದೂ, ಸಿರಾವೇಧವನ್ನು ಸತ್ತ ಪಶುವಿನ ನಾಳಗಳಲ್ಲಿಯೂ ತಾವರೆಯ ದಂಟಿನಲ್ಲಿಯೂ ಅಭ್ಯಸಿಸಬೇಕೆಂದೂ ವಿಧಿಸಿದರು. ಶವವನ್ನು ಹರಿಯುವ ನೀರಿನಲ್ಲಿಟ್ಟು, ಅನಂತರ ಪದರಪದರವಾಗಿ ಬಿಡಿಸಿ, ಕಣ್ಣಾರೆ ನೋಡಬೇಕೆಂದೂ ಹೇಳಿದರು. ಶಾಸ್ತ್ರ ಬಲ್ಲವನಿಗೆ ಕೈಚಳಕ ಬೇಕು; ಕೈಚಳಕವುಳ್ಳವನಿಗೆ ಶಾಸ್ತ್ರ ಬೇಕು. ಇವೆರಡರ ಜೊತೆಗೆ ಪ್ರತ್ಯಕ್ಷ ಪರೀಕ್ಷೆಯ ಛಲವೂ ಬೇಕೆಂಬುದು ಇದರಿಂದ ಸಿದ್ಧವಾಗುವದು.

ಈ ಕಾಲದಲ್ಲಿ ಇದನ್ನು ಕ್ರಮಬದ್ಧವಾದ ಶಿಕ್ಷಣವಾಗಿ ಮಾಡಿದ ಕೀರ್ತಿಯು ಅಮೇರಿಕೆಯ ಮಿನೆಸೋಟ ವಿಶ್ವವಿದ್ಯಾಲಯದ ವಾಂಗೆನ್‌ಸ್ಟೀನ್ ಎಂಬ ಆಚಾರ್ಯರಿಗೆ ಸಲ್ಲುವದು. ಶಸ್ತ್ರವೈದ್ಯರಾಗಬಯಸಿದ ತರುಣರು ಪ್ರಯೋಗಶಾಲೆಯಲ್ಲಿಯೂ ವರ್ಷಗಟ್ಟಲೆ ದುಡಿಯುವಂತೆ ಅವರು ಏರ್ಪಡಿಸಿದರು. ಅವರ ಶಿಷ್ಯ ಲಿಲ್ಲೆಹೈ 1954ರಲ್ಲಿ ತಂದೆಯ ಇಲ್ಲವೆ ತಾಯಿಯ ರಕ್ತಪ್ರವಾಹಕ್ಕೆ ಮಗುವಿನ ರಕ್ತಪ್ರವಾಹವನ್ನು ಜೋಡಿಸಿ, ಮಗುವಿನ ಹೃದಯವನ್ನು ತೆರೆದು ಸರಿಪಡಿಸುವ ಕ್ರಮವನ್ನು ಆರಂಭಿಸಿದರು. ಮೊದಲಿನ ಮಗುವು ಬದುಕಿ ಉಳಿಯಲಿಲ್ಲ. ಆ ದುಃಖವನ್ನು ಮುಚ್ಚಿಡದೆ, ಬರೆದಿಟ್ಟು, ವಿಚಾರಿಸಿ ಮುಂದುವರಿದುದರಿಂದ ಅನಂತರ ಅನೇಕ ಮಕ್ಕಳು ಉಳಿದರು. 1967ರಲ್ಲಿ ಮನುಷ್ಯನ ಹೃದಯವನ್ನು ಮನುಷ್ಯನಿಗೆ ಮೊದಲು ಕಸಿಮಾಡಿದ ಬರ್ನಾರ್ಡರೂ ಅದೇ ಗುರುಕುಲದವರು.

ಭಾರತದಲ್ಲಿ ಈ ಮಾರ್ಗದ ಉಜ್ವಲ ನಿದರ್ಶನವು ಡಾ. ಎಂ. ಎಸ್. ವಲಿಯತ್ತಾನರದು. ಪರದೇಶದ ಕವಾಟಗಳ ಬೆಲೆಯು ಬಡರೋಗಿಗೆ ನಿಲುಕದಿದ್ದ ಕಾಲದಲ್ಲಿ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಅವರು ಯಂತ್ರಜ್ಞರನ್ನೂ ಲೋಹಶಾಸ್ತ್ರಜ್ಞರನ್ನೂ ಕೂಡಿಸಿಕೊಂಡು ದೇಶೀಯ ಕವಾಟದ ನಿರ್ಮಾಣಕ್ಕೆ ತೊಡಗಿದರು. ಮೊದಲಿನ ಮೂರು ಮಾದರಿಗಳನ್ನು ಕೈಬಿಡಬೇಕಾಯಿತು. ನಾಲ್ಕನೆಯದು ಸಿದ್ಧಿಸಿ 1990ರ ಡಿಸೆಂಬರಿನಲ್ಲಿ ಮೊದಲನೆಯ ರೋಗಿಯ ಹೃದಯವನ್ನು ಸೇರಿತು. ಅನಂತರ ಸಾವಿರಾರು ರೋಗಿಗಳಿಗೆ ಆಸರೆಯಾಯಿತು. ಮುಂದೆ ಅವರು ಮಣಿಪಾಲದ ಕುಲಪತಿಗಳಾಗಿ ಕರ್ನಾಟಕದಲ್ಲಿ ಸೇವೆ ಸಲ್ಲಿಸಿದರು. ಚರಕ, ಸುಶ್ರುತ, ವಾಗ್ಭಟರನ್ನು ಕುರಿತು ಗ್ರಂಥಗಳನ್ನು ರಚಿಸಿ 2024ರಲ್ಲಿ ಕಾಲವಾದರು.

ಇಲ್ಲಿ ಒಂದು ಆಕ್ಷೇಪವುಂಟು; ಅದನ್ನು ತಳ್ಳಿಹಾಕುವದು ನ್ಯಾಯವಲ್ಲ. “ಹಳ್ಳಿಗಾಡಿನಲ್ಲಿ ಹೃದಯದ ಶಸ್ತ್ರವೈದ್ಯರೇ ವಿರಳರು. ಇದ್ದವರನ್ನೂ ಮೂರು ವರ್ಷ ಪ್ರಯೋಗಶಾಲೆಯಲ್ಲಿ ಕುಳ್ಳಿರಿಸಿದರೆ ಬಾಗಿಲಲ್ಲಿ ನಿಂತ ರೋಗಿಯ ಗತಿಯೇನು?” ಎಂಬುದೇ ಆ ಆಕ್ಷೇಪವು. ಇದರಲ್ಲಿ ಸತ್ಯಾಂಶವಿರುವದು. ಬಹುಕಾಲ ಶಸ್ತ್ರ ಹಿಡಿಯದ ಕೈಯು ಮೊಂಡಾಗುವದೂ ನಿಜವು. ಆದಕಾರಣ ಎಲ್ಲರೂ ಸಂಶೋಧಕರಾಗಬೇಕಿಲ್ಲ. ಹತ್ತರಲ್ಲಿ ಒಬ್ಬನಾದರೂ ಸಾಕು, ಅವನೂ ವಾರದ ಕೆಲವು ದಿನ ಶಸ್ತ್ರಶಾಲೆಯನ್ನು ಬಿಡದಿರಲಿ. ಆದರೆ ಆ ಒಬ್ಬನೂ ಇಲ್ಲದಿದ್ದರೆ ರೋಗಿಗಳ ಸಾಲು ಎಂದಿಗೂ ಕರಗದು. ಬಾಗಿಲಲ್ಲಿ ನಿಂತವನನ್ನು ಶಸ್ತ್ರವು ಉಳಿಸುವದು. ಇನ್ನೂ ಬಾಗಿಲಿಗೆ ಬಾರದವನನ್ನು ಸಂಶೋಧನೆಯು ಉಳಿಸುವದು. ಪದವಿಯ ಬಡ್ತಿಗೆಂದು ಬರೆದ ಲೇಖನವು ಮಾತ್ರ ಸಂಶೋಧನೆಯಾಗಲಾರದು.

ಈ ನೆಲಕ್ಕೆ ಇಂಥ ತ್ಯಾಗವು ಹೊಸದಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಮ್ಮ ವೃತ್ತಿಯ ಲಾಭವನ್ನು ಬದಿಗಿರಿಸಿ ಮನೆಮನೆಯ ತಾಡವೋಲೆಗಳನ್ನು ಅರಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಪ್ರತಿಗೆ ಪ್ರತಿಯನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ಆ ಕ್ರಮವೇ ವೈದ್ಯಸಂಶೋಧನೆಯ ಕ್ರಮವೂ ಆಗಿರುವದು. ಒಬ್ಬ ರೋಗಿಯ ವೃತ್ತಾಂತವು ಒಂದು ಓಲೆಪ್ರತಿಯಿದ್ದಂತೆ. ನೂರು ಕೂಡಿದಾಗಲೇ ನಿಜವಾದ ಪಾಠವು ಹೊರಡುವದು. ತನ್ನ ಮತಕ್ಕೆ ಒಪ್ಪದ ಪಾಠಾಂತರವನ್ನು ಸಂಪಾದಕನು ಮುಚ್ಚಿಡಬಾರದು. ತನ್ನ ಕೈಯಲ್ಲಿ ಕೆಟ್ಟ ಪ್ರಸಂಗವನ್ನು ವೈದ್ಯನೂ ಮುಚ್ಚಿಡಬಾರದು.

ಹಳಕಟ್ಟಿಯವರ ಪರಿಶ್ರಮದಿಂದ 1910ರಲ್ಲಿ ಹುಟ್ಟಿ, ಇಂಡಿ ತಾಲೂಕಿನ ಬಂಥನಾಳದ ಸಂಗನಬಸವ ಶಿವಯೋಗಿಗಳ ಆಶ್ರಯವನ್ನೂ ಪಡೆದ ಬಿ.ಎಲ್.ಡಿ.ಇ. ಸಂಸ್ಥೆಯು 1986ರಲ್ಲಿ ವಿಜಯಪುರದಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಾದರೂ ‘ಸಂಶೋಧನೆ’ ಎಂಬ ಶಬ್ದವನ್ನು ತನ್ನ ಹೆಸರಿನಲ್ಲಿಯೇ ಧರಿಸಿರುವದು. ಆದಕಾರಣ ನೆಲೆಯಿಲ್ಲವೆನ್ನುವಂತಿಲ್ಲ, ನೆಲೆಗೆ ತಕ್ಕ ಬಿಡುವೂ ಗುರುವೂ ವೇತನವೂ ಬೇಕು.

ಈ ನಾಲ್ಕು ತಾಲೂಕುಗಳಲ್ಲಿಯೇ ಒಂದು ಪ್ರಶ್ನೆಯು ಕಾದಿರುವದು. ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ತಪ್ಪದೆ ಕೊಟ್ಟರೆ ಜ್ವರವು ಮರುಕಳಿಸುವದನ್ನು ತಡೆದು ಕವಾಟವನ್ನು ಕಾಪಾಡಬಹುದು. ಎಷ್ಟು ಮಕ್ಕಳಿಗೆ ಅದು ತಪ್ಪುವದು? ಏಕೆ ತಪ್ಪುವದು? ಸುಗ್ಗಿಯ ಕೆಲಸದಿಂದಲೋ, ದಾರಿಯ ದೂರದಿಂದಲೋ, ಸೂಜಿಯ ನೋವಿನಿಂದಲೋ? ಇದನ್ನು ಅರಿಯಲು ಭವ್ಯವಾದ ಪ್ರಯೋಗಶಾಲೆ ಬೇಡ; ಒಂದು ವಹಿ, ಲೆಕ್ಕದ ಜ್ಞಾನ, ಮನೆಮನೆಗೆ ನಡೆಯುವ ಕಾಲು, ತಾಯಿಯ ಮಾತನ್ನು ಸಾವಧಾನದಿಂದ ಕೇಳುವ ಕಿವಿ ಸಾಕು.

ಅನ್ನದಾಸೋಹ, ಜ್ಞಾನದಾಸೋಹಗಳನ್ನು ನಡೆಯಿಸಿಕೊಂಡು ಬಂದ ಮಠಗಳು ಈ ಭಾಗದ ಒಬ್ಬ ತರುಣ ಶಸ್ತ್ರವೈದ್ಯನಿಗೆ ಮೂರು ವರ್ಷಗಳ ವೇತನವನ್ನು ಕೊಟ್ಟು ಸಂಶೋಧನೆಗೆ ಕಳಿಸಲಿ. ಅವನು ಮರಳಿ ಬಂದು ಶಸ್ತ್ರದೊಡನೆ ವಹಿಯನ್ನೂ ಕೈಯಲ್ಲಿ ಹಿಡಿಯಲಿ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನಾಡಿನಲ್ಲಿ ಕಾಯಕವೆಂಬ ಮಾತಿಗೆ ಅದೂ ಒಂದು ಅರ್ಥವಾಗಲಿ.